ಪರಾಂಚಿ ಈಶ್ವರನ ಮೊಣಕಾಲು

ವಿಕ್ರೋಳಿಯ ಗುಡ್ಡದ ಮೇಲಿನ ವಸ್ತಿಯಲ್ಲಿ ಈಶ್ವರನ ಮನೆ ಎಲ್ಲಿ ಎಂದು ಕೇಳಿದರೆ, ಯಾವ ಈಶ್ವರ ಎಂದು ತಿರುಗಿ ಕೇಳುತ್ತಾರೆ. ಪರಾಂಚಿ ಈಶ್ವರ ಎಂದರೆ ಮಾತ್ರ ನಲ್ಲಿಯ ಹತ್ತಿರ ನಿಂತ ಹೆಂಗಸರೆಲ್ಲ ಒಂದೇ ಕಡೆ ಕೈ ತೋರಿಸುತ್ತಾರೆ. ಹಳೆಯ ಬಿಲ್ಡಿಂಗಿಗೆ ಬಣ್ಣ ಹೊಡೆಯುವ ಮುಂಚೆ ಅದರ ಮೈತುಂಬ ಬೊಂಬು ನಿಲ್ಲಿಸಿ, ನಾರಿನ ಹಗ್ಗದಿಂದ ಬಿಗಿದು ಅಟ್ಟಣೆ ಕಟ್ಟುತ್ತಾರಲ್ಲ, ಅದಕ್ಕೆ ಮುಂಬಯಿಯಲ್ಲಿ ಪರಾಂಚಿ ಎನ್ನುತ್ತಾರೆ. ಈಶ್ವರ ಅದನ್ನು ಕಟ್ಟುವವನು. ಕಟ್ಟುವವರು ಬೇಕಾದಷ್ಟು ಜನ ಇದ್ದಾರೆ. ತುತ್ತತುದಿಯ ಸಾಲು ಕಟ್ಟಲು, ಕೆಲಸ ಹಿಡಿದು ಆಳು ಹಚ್ಚುವ ಮುಕಾದಮ ಅನಿಲ ಕರೆಯುತ್ತಿದ್ದದ್ದು ಮಾತ್ರ ಇವನನ್ನೇ.

ಆ ಕೆಲಸಕ್ಕೆ ಎರಡೂ ಕೈ ಬೇಕು. ಹಾಗಾದರೆ ಮನುಷ್ಯ ಹಿಡಿದುಕೊಳ್ಳುವುದು ಯಾವುದರಿಂದ? ಕಾಲಿನಿಂದ. ನೆಟ್ಟಗೆ ನಿಂತ ಬೊಂಬಿಗೆ ಒಂದು ಕಾಲನ್ನು ಬಳ್ಳಿಯಂತೆ ಸುತ್ತಿ, ಪಾದವನ್ನು ಹಿಂದಿನಿಂದ ತಂದು ಸಿಕ್ಕಿಸಿ, ಮೊಣಕಾಲು ಮಡಚಿ ದೇಹದ ಭಾರವನ್ನೆಲ್ಲ ಅದರ ಮೇಲೆ ಬಿಟ್ಟು, ಹೊರಕ್ಕೆ ಬಾಗಿ ಹಗ್ಗ ಬಿಗಿಯಬೇಕು. ಸೊಂಟಕ್ಕೆ ಬೆಲ್ಟ್ ಕೊಡುತ್ತಾರೆ. ಅದನ್ನು ಫೋಟೋ ತೆಗೆಯುವಾಗ ಹಾಕಿಕೊಳ್ಳುತ್ತಾರೆ.

ಯಾದಗಿರಿ ಕಡೆಯಿಂದ ಮದುವೆಯಾಗಿ ಬಂದ ಶಿವಕುಮಾರಿ ಗಂಡ ಕೆಲಸ ಮಾಡುವುದನ್ನು ಮೊದಲ ಸಲ ನೋಡಿದ್ದು ಕುರ್ಲಾದ ಒಂದು ಬಿಲ್ಡಿಂಗಿನ ಕೆಳಗೆ, ಬುತ್ತಿ ಹಿಡಿದುಕೊಂಡು ನಿಂತಾಗ. ಮೇಲಿನಿಂದ ಅವನು ಕೈ ಬೀಸಿದ. ಎರಡೂ ಕೈ. ಅವಳು ಬುತ್ತಿಯನ್ನು ನೆಲಕ್ಕಿಟ್ಟು ಕುಂತೇ ಬಿಟ್ಟಳು. ಊರ ಕಡೆಯವನೇ ಆದ ಮರೆಪ್ಪ, ಈಶ್ವರನ ಜೊತೆಗಾರ, ಹಲ್ಲು ಬಿಟ್ಟು ಹೇಳಿದ: “ತಂಗಿ, ಹೆದರಬ್ಯಾಡ. ಇವನ ತೊಟ್ಟಲ ಕಟ್ಟಿದ್ದೇ ಪರಾಂಚಿಗಿ. ಬಿದ್ರ ಅದಕ್ಕೇ ನಾಚಿಕಿ.”

ಅದು ತಮಾಷೆಯ ಮಾತಲ್ಲ. ಅತ್ತೆ ಲಕ್ಷ್ಮವ್ವ ಹರೆಯದಲ್ಲಿ ಇದೇ ಊರಿಗೆ ಬಂದು ಬಿಲ್ಡಿಂಗುಗಳಿಗೆ ಗಾರೆ ಹೊತ್ತವಳು. ಹಾಲು ಕುಡಿಯುವ ಈಶ್ವರನನ್ನು ಹಳೆ ಸೀರೆಯಲ್ಲಿ ಹಾಕಿ ಪರಾಂಚಿಯ ಕೆಳಗಿನ ಬೊಂಬಿಗೆ ಕಟ್ಟಿ ಕೆಲಸಕ್ಕೆ ಹತ್ತುತ್ತಿದ್ದಳು. ಗಂಡ ಬೇಗ ತೀರಿಕೊಂಡ. ಮಗನನ್ನು ಒಬ್ಬಳೇ ಬೆಳೆಸಿದಳು. ಅವನಿಗೆ ವಾಂತಿಭೇದಿಯಾದಾಗ, ಕಾಮಾಲೆಯಾದಾಗ, ಅವನು ರಚ್ಚೆ ಹಿಡಿದಾಗ ಲಕ್ಷ್ಮವ್ವನ ಹತ್ತಿರ ಇದ್ದದ್ದು ಒಂದೇ ಮದ್ದು, ಬರೆ. ಅವಳ ತಾಯಿ ಊರಲ್ಲಿ ಬರೆ ಹಾಕುವವಳು. ಅವಳು ಕಾಯಿಸಿ ಬರೆ ಎಳೆಯುತ್ತಿದ್ದ ಕಬ್ಬಿಣದ ಸಳಿಯೇ ಮಗಳ ಜೊತೆ ಮುಂಬಯಿಗೆ ಬಂದಿತ್ತು. ಈಶ್ವರನ ಹೊಕ್ಕುಳ ಸುತ್ತ ಆ ಸಳಿಯ ಗುರುತುಗಳು ಈಗಲೂ ಬೆಳ್ಳಗೆ ಹೊಳೆಯುತ್ತವೆ. ವಸ್ತಿಯಲ್ಲಿ ಯಾರ ಮಗುವಿಗೆ ಹೊಟ್ಟೆ ಉಬ್ಬಿದರೂ, ಯಾರ ಸೊಂಟ ಹಿಡಿದರೂ ಲಕ್ಷ್ಮವ್ವನನ್ನು ಕರೆಯುತ್ತಾರೆ. ಅವಳು ಅದಕ್ಕೆ ಯಾರ ಹತ್ತಿರವೂ ಏನೂ ಮುಟ್ಟುವುದಿಲ್ಲ. ಮುಟ್ಟಿದರೆ ಕೈಗುಣ ಹೋಗುತ್ತದಂತೆ.

ಈಶ್ವರನ ಬಲ ಮೊಣಕಾಲು ಮೊದಲಿನಿಂದಲೂ ನೋಯುತ್ತಿತ್ತು. ಚಿಪ್ಪಿನ ಸ್ವಲ್ಪ ಕೆಳಗೆ, ಬೆರಳಿಟ್ಟು ತೋರಿಸಬಹುದಾದ ಜಾಗ. ಕುಕ್ಕರಗಾಲಲ್ಲಿ ಕುಂತವನು ಏಳುವಾಗ ಹಲ್ಲು ಕಚ್ಚುತ್ತಿದ್ದ. ಇವರ ಖೋಲಿ ಇರುವುದು ಮೇಲೆ. ಕಬ್ಬಿಣದ ಏಣಿ ಹತ್ತಿ ಹೋಗಬೇಕು. ಹತ್ತುವಾಗ ಏನೂ ಇಲ್ಲ, ಇಳಿಯುವಾಗ ನೋವು. ಸೈಕಲ್ ಟ್ಯೂಬ್ ಕತ್ತರಿಸಿ ಚಿಪ್ಪಿನ ಕೆಳಗೆ ಬಿಗಿದುಕೊಂಡು ಕೆಲಸಕ್ಕೆ ಹೋಗುತ್ತಿದ್ದ. ಬಹಳ ಆದಾಗ ಗುಡ್ಡದ ಬುಡದ ಡಾಕ್ಟರ್ ಹತ್ತಿರ ಹೋಗಿ ನೋವಿನ ಜಾಗಕ್ಕೇ ಸೂಜಿ ಹಾಕಿಸಿಕೊಂಡು ಬರುತ್ತಿದ್ದ. ಸೂಜಿ ಹಾಕಿಸಿದ ಮೇಲೆ ಕಾಲು ಹೂವಿನಂತೆ. ಕೆಲವು ವಾರ ಬಿಟ್ಟು ಮತ್ತೆ ಅದೇ.

“ಸ್ವಲ್ಪ ದಿನ ಕೆಳಗ ಕೆಲಸ ಮಾಡ್ರಿ,” ಎಂದು ಶಿವಕುಮಾರಿ ಹೇಳಿದ್ದಳು.

“ಕೆಳಗ ಏನದ? ಬೊಂಬ ಎತ್ತಿ ಕೊಡಾದು. ಅದು ಮುದುಕರ ಕೆಲಸ.”

ಕಳೆದ ಮಳೆಗಾಲ ಮುಗಿಯುತ್ತಿದ್ದಂತೆ ಬಾಂದ್ರಾದಲ್ಲಿ ಒಂದು ಬಿಲ್ಡಿಂಗಿನ ಕೆಲಸ ಹಿಡಿದಿದ್ದರು. ಸಂಜೆ ಕೆಲಸ ಬಿಟ್ಟು ಇಳಿಯುವಾಗ ಈಶ್ವರ ಎಂದಿನಂತೆ ಕೊನೆಯ ಸಾಲಿನಿಂದ ಜಿಗಿದ. ಆಳೆತ್ತರ, ಅಷ್ಟೇ. ಕೆಳಗೆ ಗೋಡೆಯಿಂದ ಒಡೆದು ಹಾಕಿದ ಗಿಲಾವಿನ ಗುಡ್ಡೆ ಇತ್ತು. ಕಾಲು ಜಾರಿತು. ಬೀಳಬಾರದೆಂದು ಮೊಣಕಾಲು ಮಡಚಿದಂತೆಯೇ ಬಿಗಿಹಿಡಿದ.

“ಫಟ್ ಅಂತ ಸಪ್ಪಳಾತು,” ಎಂದು ಆಮೇಲೆ ಮರೆಪ್ಪ ಶಿವಕುಮಾರಿಗೆ ಹೇಳಿದ. “ಬೊಂಬ ಮುರಿತೇನಂತ ನಾ ಮ್ಯಾಲ ನೋಡ್ದೆ. ಮ್ಯಾಲ ಏನಿಲ್ಲ. ಕೆಳಗ ಇಂವ ಕುಂತಾನ, ಎದ್ದೇಳಂದ್ರ ಏಳವಲ್ಲ.”

ರಿಕ್ಷಾದಲ್ಲಿ ಹಾಕಿಕೊಂಡು ಬಂದು ಅದೇ ಡಾಕ್ಟರ್ ಹತ್ತಿರ ಒಯ್ದರು. ಮೊಣಕಾಲು ಕುಂಬಳಕಾಯಿಯಷ್ಟು ಊದಿತ್ತು. ಎಕ್ಸರೇ ಆಯಿತು. ಡಾಕ್ಟರು ಅದನ್ನು ಬೆಳಕಿಗೆ ಹಿಡಿದು, “ಹಡ್ಡಿ ಸಹೀ ಸಲಾಮತ್ ಹೈ. ಮೋಚ್ ಹೈ,” ಎಂದರು. ಉಳುಕು. ಬಟ್ಟೆಯ ಪಟ್ಟಿ ಸುತ್ತಿ, ಗುಳಿಗೆ ಕೊಟ್ಟು, ಆರಾಮ ಮಾಡು ಎಂದು ಕಳಿಸಿದರು. ಎಲುಬು ಮುರಿದಿಲ್ಲ ಎಂಬ ಮಾತಿಗೆ ಮನೆಯವರೆಲ್ಲ ಉಸಿರು ಬಿಟ್ಟರು. ಲಕ್ಷ್ಮವ್ವ ಸಕ್ಕರೆ ತಂದು ಎಲ್ಲರ ಬಾಯಿಗೆ ಹಾಕಿದಳು, ಎಕ್ಸರೇ ಹಿಡಿದುಕೊಂಡು ಬಂದ ಮರೆಪ್ಪನ ಬಾಯಿಗೂ.

ಊತ ಇಳಿಯಿತು. ಕಾಲು ಮಾತ್ರ ಮಾತು ಕೇಳಲಿಲ್ಲ. ನಿಂತರೆ ನಿಲ್ಲುತ್ತಿದ್ದ, ಗೋಡೆ ಹಿಡಿದು ಕಾಲು ಎಳೆದುಕೊಂಡು ನಡೆಯುತ್ತಿದ್ದ. ಮಲಗಿದಲ್ಲಿ ಕಾಲು ನೆಟ್ಟಗೆ ಮಾಡಿ ಒಂದು ಗೇಣು ಎತ್ತು ಎಂದರೆ ತೊಡೆ ನಡುಗುತ್ತಿತ್ತು, ಹಿಮ್ಮಡಿ ಹಾಸಿಗೆ ಬಿಟ್ಟು ಮೇಲೇಳುತ್ತಿರಲಿಲ್ಲ. ಏಣಿಯನ್ನು ಕುಂಡೆಯ ಮೇಲೆ ಕುಂತು ಒಂದೊಂದೇ ಮೆಟ್ಟಿಲಂತೆ ಇಳಿಯುತ್ತಿದ್ದ. ಆಗಷ್ಟೇ ನಿಲ್ಲಲು ಕಲಿಯುತ್ತಿದ್ದ ಮಗಳು ಸಪ್ನಾ ಅಪ್ಪನ ಪಕ್ಕದಲ್ಲೇ ಗೋಡೆ ಹಿಡಿದು ಹೆಜ್ಜೆ ಇಡುತ್ತಿತ್ತು. ನೋಡಲು ಬಂದ ಮರೆಪ್ಪ, “ಯಾರು ಮೊದಲ ನಡೀತಾರ ನೋಡಾಮು,” ಎಂದ. ಈಶ್ವರ ನಕ್ಕ. ಅದು ಅವನು ಆ ಕಾಲಿನ ಬಗ್ಗೆ ನಕ್ಕ ಕೊನೆಯ ನಗು.

ಲಕ್ಷ್ಮವ್ವ ದಿನವೂ ಎಣ್ಣೆ ಹಚ್ಚುತ್ತಿದ್ದಳು. ಒಂದು ಮಧ್ಯಾಹ್ನ ಅವಳ ಹೆಬ್ಬೆರಳು ಚಿಪ್ಪಿನ ಕೆಳಗೆ ನಿಂತಿತು. ಅಲ್ಲಿ ಗಟ್ಟಿಯಾಗಿ ಹಗ್ಗದಂತೆ ಸಿಗಬೇಕಾದದ್ದು ಸಿಗಲಿಲ್ಲ. ಬೆರಳು ಒಳಗೆ ಹೋಯಿತು. ಎಡಗಾಲಲ್ಲಿ ಒತ್ತಿ ನೋಡಿದಳು, ಮತ್ತೆ ಬಲಗಾಲಲ್ಲಿ.

“ಇಲ್ಲಿ ತಗ್ಗು ಬಿದ್ದದ,” ಎಂದಳು. “ಶಿವಕುಮಾರಿ, ನೀ ಮುಟ್ಟಿ ನೋಡ.”

ಶಿವಕುಮಾರಿ ಮುಟ್ಟಿದಳು. ಹೌದು. ಚಿಪ್ಪು ಮೇಲೆ ಸರಿದು ಕೆಳಗೆ ಬೆರಳು ಹಿಡಿಯುವಷ್ಟು ಪೊಳ್ಳು ಇತ್ತು.

ಎಕ್ಸರೇ ನೋಡಿದ ಡಾಕ್ಟರಿಗೆ ಸಿಗದೆ ಹೋದದ್ದು ಮುದುಕಿಯ ಬೆರಳಿಗೆ ಸಿಕ್ಕಿತ್ತು. ಅಷ್ಟಕ್ಕೇ ನಿಂತಿದ್ದರೆ ಇಂದು ಈ ಕಥೆ ಬೇರೆಯಾಗುತ್ತಿತ್ತು. ಆದರೆ ಲಕ್ಷ್ಮವ್ವನ ಲೆಕ್ಕದಲ್ಲಿ ತಗ್ಗು ಎಂದರೆ ವಾಯು ಹೊಕ್ಕ ಜಾಗ. ವಾಯು ಹೊಕ್ಕಲ್ಲಿ ನರ ಸತ್ತು ಮಲಗುತ್ತದೆ. ಮಲಗಿದ ನರ ಎಬ್ಬಿಸಲು ಬೆಂಕಿಯೊಂದೇ ದಾರಿ.

“ಸಣ್ಣಾಂವಿದ್ದಾಗ ನಿನ್ನ ಜೀವ ಉಳಿಸಿದ್ದು ಅದೇ ಅಲ್ಲೇನಪ್ಪಾ,” ಎಂದು ಮಗನ ತಲೆ ಸವರಿದಳು.

“ಹಾಕವ್ವಾ,” ಎಂದ ಈಶ್ವರ. “ನಾ ಎಂದರ ಬ್ಯಾಡ ಅಂದೀನೇನು?”

ಸಳಿ ಗ್ಯಾಸಿನ ಉರಿಯಲ್ಲಿ ಕೆಂಪಾಯಿತು. ಒಲೆ ಹಚ್ಚಿಕೊಟ್ಟವಳು ಶಿವಕುಮಾರಿಯೇ. ಬೇಡ ಎಂಬ ಮಾತು ಬಾಯಿಗೆ ಬಂದಿತ್ತು. ಆದರೆ ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆ ತನ್ನ ಸೊಂಟನೋವಿಗೂ ಒಂದು ಬರೆ ಹಾಕಿದ್ದಳು, ನೋವು ಹೋಗಿತ್ತು. ಬರೆಯಿಂದಲೇ ಹೋಯಿತೋ, ಸುಮ್ಮನೆ ಹೋಗುವ ಹೊತ್ತಿಗೆ ಹೋಯಿತೋ, ಯಾರು ಬಲ್ಲರು. ಮಗುವನ್ನು ಎತ್ತಿಕೊಂಡು ಏಣಿಯ ಬಾಯಿಗೆ ಹೋಗಿ ಬೆನ್ನು ತಿರುಗಿಸಿ ನಿಂತಳು. ಹಿಂದಿನಿಂದ ಸಪ್ಪಳ ಕೇಳಲಿಲ್ಲ. ವಾಸನೆ ಬಂತು. ಈಶ್ವರ ಬಾಯಿಗೆ ಟವೆಲ್ ಕಚ್ಚಿಕೊಂಡಿದ್ದ. ಲಕ್ಷ್ಮವ್ವ ಅಡ್ಡಡ್ಡ ಮೂರು ಬರೆ ಎಳೆದಿದ್ದಳು, ಸರಿಯಾಗಿ ಆ ತಗ್ಗಿನ ಮೇಲೆಯೇ. ಅವಳ ಕೈ ತಪ್ಪುವುದಿಲ್ಲ ಎಂದು ವಸ್ತಿಯಲ್ಲಿ ಹೆಸರು.

ಬೊಬ್ಬೆ ಎದ್ದವು, ಒಡೆದವು. ಕೀವು ಆಯಿತು. ವಾಯು ಹೊರಗೆ ಬರುತ್ತಿದೆ ಎಂದು ಲಕ್ಷ್ಮವ್ವ ಬೇವಿನ ಎಲೆ ಅರೆದು ಹಾಕಿದಳು.

ಸಪ್ನಾಳಿಗೆ ಲಸಿಕೆ ಹಾಕಿಸುವ ದಿನ ಶಿವಕುಮಾರಿ ಮುನಿಸಿಪಾಲಿಟಿ ದವಾಖಾನೆಗೆ ಹೋಗಿದ್ದಳು. ಮಗು ಅತ್ತು ಸುಮ್ಮನಾದ ಮೇಲೆ ನರ್ಸಬಾಯಿಯ ಹತ್ತಿರ ಗಂಡನ ಕಾಲಿನ ಸಂಗತಿ ತೆಗೆದಳು. ಊತ ಇಲ್ಲ, ನೋವೂ ಅಷ್ಟಿಲ್ಲ, ಆದರೆ ಕಾಲು ಎತ್ತಲಾಗುವುದಿಲ್ಲ ಎಂದಾಗ ನರ್ಸಬಾಯಿ ಕೈಯಲ್ಲಿದ್ದ ಹತ್ತಿ ಕೆಳಗಿಟ್ಟಳು. “ನೋವಿಲ್ಲ, ಆದರೂ ಕಾಲು ಏಳುವುದಿಲ್ಲ ಅಂದರೆ ಅದು ಉಳುಕಲ್ಲಮ್ಮ. ನಾಳೆಯೇ ದೊಡ್ಡ ದವಾಖಾನೆಯ ಹಡ್ಡಿ ವಿಭಾಗಕ್ಕೆ ಒಯ್ಯಿ,” ಎಂದು ಮರಾಠಿಯಲ್ಲಿ ಹೇಳಿದಳು.

ಮನೆಯಲ್ಲಿ ದೊಡ್ಡ ಮಾತಾಯಿತು. ಬರೆ ಆರುವ ಮುಂಚೆ ಹೊರಗೆ ಹೋಗಬಾರದು ಎಂದಳು ಅತ್ತೆ. ಈಶ್ವರ ಗೋಡೆ ಕಡೆ ಮುಖ ಮಾಡಿ ಮಲಗಿದ. ಶಿವಕುಮಾರಿ ಜಗಳ ಆಡಲಿಲ್ಲ. ಬೆಳಿಗ್ಗೆ ಎದ್ದು ಅಡುಗೆ ಮಾಡಿ, ಮಗುವನ್ನು ಸೊಂಟಕ್ಕೆ ಕಟ್ಟಿಕೊಂಡು, ಗಂಡನ ಚಪ್ಪಲಿ ಏಣಿಯ ಕೆಳಗೆ ಇಟ್ಟು ಬಂದು, “ಮರೆಪ್ಪಣ್ಣ ರಿಕ್ಷಾ ತಂದಾನ. ಇಳೀರಿ,” ಎಂದಳು. ಇಳಿದ.

ದೊಡ್ಡ ದವಾಖಾನೆಯಲ್ಲಿ ಸರದಿ ಬರುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ನೋಡಿದವಳು ಒಬ್ಬ ಹುಡುಗಿ ಡಾಕ್ಟರು, ಯಕ್ಷಿತಾ ಎಂದು. ಅಜ್ಜನ ಕಾಲದಿಂದ ಹೋಟೆಲ್ ನಡೆಸುವ ಮನೆಯವಳು, ಹುಟ್ಟಿದ್ದು ಬೆಳೆದದ್ದು ಅಂಧೇರಿ. ಕಾಗದದ ಮೇಲೆ ಊರಿನ ಹೆಸರು ನೋಡಿ ತಡವರಿಸುತ್ತ ಕನ್ನಡ ತೆಗೆದಳು.

“ನನ್ನ ಕನ್ನಡ ಸ್ವಲ್ಪ ಖರಾಬ್ ಉಂಟು, ನಗಬೇಡಿ. ಮನೆಯಲ್ಲಿ ತುಳು. ಈಗ ಕಾಲು ಸ್ಟ್ರೇಟ್ ಇಟ್ಟು ಮೇಲೆ ಎತ್ತಿ, ನೋಡುವಾ.”

ಎತ್ತಲಾಗಲಿಲ್ಲ. ಅವಳು ಪಟ್ಟಿ ಬಿಚ್ಚಿದಳು.

“ಇದೆಂತ ಇದು? ಯಾರು ಸುಟ್ಟದ್ದು?”

“ಶಾಖ ಕೊಟ್ಟೀವ್ರಿ,” ಎಂದ ಈಶ್ವರ.

“ಇದು ಶಾಖವಾ?” ಎಂದು ಶಿವಕುಮಾರಿಯ ಕಡೆ ನೋಡಿದಳು. ಶಿವಕುಮಾರಿ ಮಗುವಿನ ಮೂಗು ಒರೆಸಿದಳು.

ಗಾಯದ ಬದಿಯಿಂದ ಬೆರಳಿಟ್ಟು ಒತ್ತಿ ನೋಡಿದಳು ಯಕ್ಷಿತಾ. ಆಮೇಲೆ ಹಳೆಯ ಎಕ್ಸರೇ ಕೇಳಿ ಪಡೆದು ಕಿಟಕಿಗೆ ಹಿಡಿದಳು. “ಇದರಲ್ಲೇ ಕಾಣ್ತದೆ. ಚಿಪ್ಪು ಎಷ್ಟು ಮೇಲೆ ಹೋಗಿ ಕೂತಿದೆ ನೋಡಿ. ಚಿಪ್ಪಿನ ಕೆಳಗೆ ಒಂದು ಅಗಲದ ಪಟ್ಟಿ ಇರ್ತದೆ, ಕೆಳಗಿನ ಹಡ್ಡಿಗೆ ಕಟ್ಟಿದ ಹಗ್ಗದ ಹಾಗೆ. ತೊಡೆ ಎಳೆದರೆ ಆ ಹಗ್ಗ ಕಾಲನ್ನು ಎತ್ತುವುದು. ನಿಮ್ಮದು ಹರಿದು ಹೋಗಿದೆ. ಪೂರಾ.”

ಹಗ್ಗ ಎಂದ ಕೂಡಲೇ ಈಶ್ವರ ತಲೆ ಎತ್ತಿದ. “ಹರಿದ್ರ ಮತ್ತ ಕಟ್ರಲ್ಲ. ನಾವ್ ದಿನಾ ಕಟ್ತೀವಿ.”

“ಕಟ್ಟಬಹುದಿತ್ತು. ಆ ವಾರವೇ ಬಂದಿದ್ದರೆ ಹರಿದ ಎರಡು ತುದಿ ತಂದು ಹೊಲಿಯುವುದು, ಆಯ್ತು. ಇವತ್ತು ಕೂಡ ಮಾಡಬಹುದಿತ್ತು.” ಅವಳು ಗಾಯದ ಮೇಲೆ ಬೆರಳನ್ನು ಮುಟ್ಟಿಸದೆ ನೇರ ಗೆರೆ ಎಳೆದು ತೋರಿಸಿದಳು. “ನಾವು ಕೊಯ್ಯುವ ಜಾಗ ಇದು. ಇದೇ ಜಾಗದಲ್ಲಿ ಕೀವು ಇದೆ. ಈ ಚರ್ಮ ಕೊಯ್ದರೆ ಕೀವು ಜಾಯಿಂಟ್ ಒಳಗೆ ಹೋಗ್ತದೆ. ಆಮೇಲೆ ಕಾಲೇ ಹೋಗ್ತದೆ.”

ದೊಡ್ಡ ಡಾಕ್ಟರು ಬಂದು ನೋಡಿ ಅದನ್ನೇ ಹಿಂದಿಯಲ್ಲಿ ಇನ್ನೂ ಗಟ್ಟಿಯಾಗಿ ಹೇಳಿದರು. ಮೊದಲು ಗಾಯ ಒಣಗಬೇಕು, ಹೊಸ ಚರ್ಮ ಬರಬೇಕು. ಅಲ್ಲಿಯವರೆಗೆ ತೊಡೆಯ ಮಾಂಸ ಚಿಪ್ಪನ್ನು ಮೇಲೆ ಎಳೆಯುತ್ತಲೇ ಇರುತ್ತದೆ, ತಾನೂ ಕುಗ್ಗುತ್ತದೆ. ಹರಿದ ತುದಿಗಳು ಒಂದಕ್ಕೊಂದು ಮುಟ್ಟದಷ್ಟು ದೂರವಾಗುತ್ತವೆ. ಆಗ ತೊಡೆಯ ಹಿಂದಿನಿಂದ ಬೇರೆ ನಾರು ತೆಗೆದು ಹೊಸದಾಗಿ ಕಟ್ಟಬೇಕಾಗುತ್ತದೆ. ಅದು ಮೊದಲಿನಷ್ಟು ಚೆನ್ನಾಗಿ ಕೂಡಿಕೊಳ್ಳುತ್ತದೆ ಎಂಬ ಭರವಸೆ ಇಲ್ಲ. ಸೂಜಿಯ ಮಾತು ಕೇಳಿದಾಗ ಅವರು ಹುಬ್ಬು ಗಂಟಿಕ್ಕಿದರು. ಅಲ್ಲಿಗೇ ಮತ್ತೆ ಮತ್ತೆ ಸೂಜಿ ಚುಚ್ಚಿದ್ದರೆ ನಾರು ಮೊದಲೇ ಮೆತ್ತಗಾಗಿದ್ದಿರಬಹುದು.

“ಮ್ಯಾಲ ಹತ್ತಾಕ ಬರ್ತದಿಲ್ರಿ?” ಎಂದು ಈಶ್ವರ ಕೇಳಿದ. ಅವನು ಕೇಳಿದ್ದು ಅಷ್ಟೇ.

ಯಕ್ಷಿತಾ ಎಕ್ಸರೇಯನ್ನು ಅವನ ಕೈಗೆ ಮರಳಿ ಕೊಟ್ಟು, “ಮೊದಲು ನಡೆಯುವಾ,” ಎಂದಳು.

ಮನೆಗೆ ಬಂದು ಶಿವಕುಮಾರಿ ಎಲ್ಲವನ್ನೂ ಅತ್ತೆಗೆ ಹೇಳಿದಳು. ದನಿ ಏರಿಸಲಿಲ್ಲ. ಕೇಳಿದ್ದನ್ನು ಕೇಳಿದ ಹಾಗೆ ಒಪ್ಪಿಸಿದಳು. ಲಕ್ಷ್ಮವ್ವ ಜೋಳದ ಹಿಟ್ಟು ನಾದುತ್ತಿದ್ದಳು, ನಾದುತ್ತಲೇ ಇದ್ದಳು. “ಅವರಿಗಿ ಕತ್ತಿ ಆಡಸಾದೊಂದು ಗೊತ್ತು,” ಎಂದಳು ಕೊನೆಗೆ. ಬೇವಿನ ಎಲೆ ಅಂದಿನಿಂದ ನಿಂತಿತು. ಯಾರೂ ನಿಲ್ಲಿಸು ಎಂದಿರಲಿಲ್ಲ.

ಗಾಯ ಒಣಗಲು ಬಹಳ ದಿನ ಹಿಡಿಯಿತು. ದವಾಖಾನೆಗೆ ಪಟ್ಟಿ ಬದಲಿಸಲು ಒಯ್ಯುವುದು, ಮರಳಿ ಕರೆತರುವುದು. ಶಿವಕುಮಾರಿ ಗುಡ್ಡದ ಕೆಳಗಿನ ಕಂಪನಿ ಕಾಲನಿಯಲ್ಲಿ ಎರಡು ಮನೆಗೆಲಸ ಹಿಡಿದಳು. ಈಶ್ವರನ ಬಲತೊಡೆ ದಿನದಿಂದ ದಿನಕ್ಕೆ ಸೊರಗಿ ಎಡತೊಡೆಯ ಅರ್ಧವಾಯಿತು. ಆಪರೇಷನ್ ಆದಾಗ ಚಳಿಗಾಲ ಕಳೆದಿತ್ತು. ತೊಡೆಯ ಹಿಂದಿನ ನಾರು ತೆಗೆದು, ಎಲುಬಿಗೆ ತೂತು ಹಾಕಿ ಪೋಣಿಸಿ, ಮೇಲೊಂದು ತಂತಿಯ ಆಸರೆ ಕೊಟ್ಟಿದ್ದರು. ಕಾಲಿಗೆ ಉದ್ದದ ಪಟ್ಟಾ ಹಾಕಿ ನೆಟ್ಟಗೆ ಬಿಗಿದು ಮನೆಗೆ ಕಳಿಸಿದರು.

ಪಟ್ಟಾ ಬಿಚ್ಚಿದ ಮೇಲೆ ವ್ಯಾಯಾಮ. ಕಾಲು ಬಿಗಿ ಹಿಡಿಯಬೇಕು, ಬಿಡಬೇಕು. ಹಿಮ್ಮಡಿ ಎಳೆದು ಮೊಣಕಾಲು ಮಡಚಬೇಕು, ಎಷ್ಟು ಬಂತೋ ಅಷ್ಟು, ಮರುದಿನ ಒಂದು ಕೂದಲೆಳೆ ಹೆಚ್ಚು. ಶಿವಕುಮಾರಿ ಕೆಲಸದಿಂದ ಬಂದ ಕೂಡಲೇ ಸೆರಗು ಸಿಕ್ಕಿಸಿ ಅವನ ಹಿಮ್ಮಡಿ ಹಿಡಿದು ಕೂರುತ್ತಿದ್ದಳು. ಅವನು ನೋವಿಗೆ ಬೈಯುತ್ತಿದ್ದ. ಮೊದಮೊದಲು ಕಾಲಿಗೆ ಬೈದ, ಆಮೇಲೆ ಡಾಕ್ಟರಿಗೆ, ಆಮೇಲೆ ಅವಳಿಗೆ.

“ಕೊಯ್ಯೂಕಿಂತ ಮೊದಲ ಮೊಣಕಾಲ ಪೂರಾ ಮಡಚತಿತ್ತು,” ಎನ್ನುತ್ತಿದ್ದ. “ಈಗ ನೋಡು.”

ಅದು ಸುಳ್ಳಲ್ಲ. ಹರಿದಿದ್ದಾಗ ಕಾಲು ಮಡಚುತ್ತಿತ್ತು, ಎತ್ತಲು ಬರುತ್ತಿರಲಿಲ್ಲ. ಈಗ ಎತ್ತಲು ಬರುತ್ತದೆ, ಆದರೆ ಕುರ್ಚಿಯಲ್ಲಿ ಕೂರುವಷ್ಟಕ್ಕಿಂತ ಹೆಚ್ಚು ಮಡಚಲು ಬರುವುದಿಲ್ಲ. ಎತ್ತಿದರೂ ಕೊನೆಯ ನಾಲ್ಕು ಬೆರಳಷ್ಟು ಮೊಣಕಾಲು ಬಾಗಿಯೇ ಇರುತ್ತದೆ. ಹರಿದ ಕಾಲು ಮಡಚುವುದು ಕೀಲು ಕಿತ್ತ ಬಾಗಿಲು ಅಲ್ಲಾಡಿದ ಹಾಗೆ ಎಂದು ಶಿವಕುಮಾರಿ ಎಷ್ಟು ಸಲ ಹೇಳಿದ್ದಳೋ. ಈಶ್ವರನ ಲೆಕ್ಕ ಬೇರೆ. ಬಿದ್ದಾಗ ಡಾಕ್ಟರು ಉಳುಕು ಎಂದಿದ್ದರು. ಅವ್ವ ಬರೆ ಹಾಕಿದಳು, ಊತ ಹೋಯಿತು. ದವಾಖಾನೆಗೆ ಹೋದದ್ದೇ ಕಾಲು ಹೋಯಿತು. ಊತ ಬರೆಗಿಂತ ಮೊದಲೇ ಇಳಿದಿತ್ತು ಎಂದರೆ, “ನಿನಗೇನ ಗೊತ್ತು,” ಎಂದು ಮುಗಿಸುತ್ತಿದ್ದ. ತಾಯಿಯ ಕೈಯಿಂದ ತನ್ನ ಕಾಲು ಕೆಟ್ಟಿತು ಎಂಬ ಮಾತನ್ನು ನಂಬುವುದಕ್ಕಿಂತ ಅದೇ ಅವನಿಗೆ ಹಗುರ. ಅದು ಶಿವಕುಮಾರಿಗೂ ಅರ್ಥವಾಗುತ್ತಿತ್ತು. ಅರ್ಥವಾದ ಮಾತ್ರಕ್ಕೆ ಹೊಟ್ಟೆ ಉರಿಯುವುದು ತಪ್ಪುತ್ತದೆಯೇ.

ಈ ವರ್ಷದ ಮಳೆಗಾಲಕ್ಕೆ ಮುಂಚೆ ಅನಿಲ ಹೇಳಿಕಳಿಸಿದ: ಅಂಧೇರಿಯಲ್ಲಿ ದೊಡ್ಡ ಕೆಲಸ ಹಿಡಿದಿದ್ದೇನೆ, ಬಾ, ಹತ್ತಿ ನೋಡು. ಈಶ್ವರ ಗಡ್ಡ ಕೆರೆಸಿಕೊಂಡ. ಶಿವಕುಮಾರಿ ಅಂದು ಕೆಲಸಕ್ಕೆ ಹೋಗದೆ, ಮಗುವನ್ನು ಎತ್ತಿಕೊಂಡು ಜೊತೆಗೆ ಹೋದಳು. ದವಾಖಾನೆಯಲ್ಲಿ ಯಕ್ಷಿತಾ ಹತ್ತುವ ಮಾತಿಗೆ ಇನ್ನೂ ತಲೆ ಆಡಿಸಿರಲಿಲ್ಲ. ತಡೆದರೆ ಅದಕ್ಕೂ ತಾನೇ ಕಾರಣವಾಗುತ್ತೇನೆ ಎಂದು ಶಿವಕುಮಾರಿ ತಡೆಯಲಿಲ್ಲ.

ಬೊಂಬಿನ ಮೊದಲ ಸಾಲಿಗೆ ಕೈಬಲದಿಂದಲೇ ಏರಿದ. ಎಡಗಾಲು ಊರಿದ. ಬಲಗಾಲನ್ನು ಬೊಂಬಿಗೆ ಸುತ್ತಲು ಹೋದ. ಸುತ್ತಬೇಕಾದರೆ ಮೊಣಕಾಲು ಪೂರ್ತಿ ಮಡಚಬೇಕು. ಕಾಲು ಬೊಂಬಿನ ಪಕ್ಕದಲ್ಲಿ ಕೋಲಿನ ಹಾಗೆ ನಿಂತಿತು. ಕೈಯಿಂದ ಪಾದ ಹಿಡಿದು ಎಳೆದ. ಮುಖದಲ್ಲಿ ಬೆವರು ಒಡೆಯಿತು. ಕೆಳಗೆ ನಿಂತ ಹೊಸ ಹುಡುಗರು ಮೊಬೈಲ್ ನೋಡುವುದು ಬಿಟ್ಟು ಅವನನ್ನು ನೋಡಿದರು.

“ಉತರ್ ಜಾ, ಈಶ್ವರ,” ಎಂದ ಅನಿಲ. ಬೈಗುಳ ಇರಲಿಲ್ಲ ಆ ದನಿಯಲ್ಲಿ. ಬೈದಿದ್ದರೆ ಒಳ್ಳೆಯದಿತ್ತು.

ಇಳಿಸಲು ಮರೆಪ್ಪ ಹೆಗಲು ಕೊಟ್ಟ. “ಮುಂದಿನ ವರ್ಷಕ್ಕ ಸರಿಹೋಗ್ತದ ಬಿಡು.”

“ಏನ್ ಸರಿಹೋಗ್ತದ? ಕೊಯ್ದು ಕೆಡಿಸ್ಯಾರ.” ಎಲ್ಲರಿಗೂ ಕೇಳುವಂತೆ ಹೇಳಿದ ಈಶ್ವರ. “ನಮ್ಮವ್ವ ಹಾಕಿದ ಬರಿಗಿ ಬಿಟ್ಟಿದ್ರ ನಾ ಇವತ್ತ ತುದ್ಯಾಗ ಇರ್ತಿದ್ದೆ.”

ಹೊಸ ಹುಡುಗರು ಹೌದು ಹೌದು ಎಂಬಂತೆ ತಲೆಯಾಡಿಸಿದರು. ಮರೆಪ್ಪ ಶಿವಕುಮಾರಿಯ ಕಡೆ ನೋಡಿ, ನೋಡದವನ ಹಾಗೆ ಹಗ್ಗದ ಸಿಂಬಿ ಎತ್ತಿಕೊಂಡ. ಅನಿಲ ಕೆಳಗಿನ ಕೆಲಸ ಕೊಟ್ಟ. ಬೊಂಬು ಎಣಿಸಿ ಎತ್ತಿಕೊಡುವುದು, ಹಗ್ಗ ಕತ್ತರಿಸಿ ನೀರಲ್ಲಿ ನೆನೆಹಾಕುವುದು.

ಲೋಕಲ್‌ನಲ್ಲಿ ಮೂವರೂ ಮನೆಗೆ ಮರಳಿದರು. ಮನೆಯಲ್ಲಿ ಲಕ್ಷ್ಮವ್ವ ಕಾಲು ಚಾಚಿ ಕುಂತು ಮೊರದಲ್ಲಿ ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ಮಗನ ಮುಖ ನೋಡಿ ಮತ್ತೆ ಮೊರದ ಕಡೆ ಬಾಗಿದಳು. ಈಶ್ವರ ಪ್ಯಾಂಟ್ ಮೇಲೆ ಸರಿಸಿ ಅವಳ ಎದುರಿಗೇ ಕಾಲು ನೀಡಿ ಕುಂತ.

“ಯವ್ವಾ, ಸಳಿ ತಗಿ.”

ಲಕ್ಷ್ಮವ್ವ ಬೆಳ್ಳುಳ್ಳಿಯಿಂದ ಕಣ್ಣೆತ್ತಲಿಲ್ಲ.

“ಮೊದಲ ಹಾಕಿದ್ದು ಪೂರಾ ಗುಣಾಗೂ ಮೊದಲೇ ಕೊಯ್ಸಿದ್ರು. ಈಗ ಮತ್ತ ಹಾಕು. ಗಟ್ಟಿ ಹಾಕು. ನಾ ತಡ್ಕೋತೀನಿ.”

“ರೀ, ಬ್ಯಾಡ್ರಿ,” ಎಂದಳು ಶಿವಕುಮಾರಿ. ಈ ಸಲ ಬೆನ್ನು ತಿರುಗಿಸಲಿಲ್ಲ, ಒಲೆಗೂ ಅವನಿಗೂ ನಡುವೆ ಬಂದು ನಿಂತಳು. “ಒಳಗ ತಂತಿ ಅದ. ತೊಗಲ ಈಗ ಕೂಡ್ಯಾದ. ಮತ್ತ ಸುಟ್ರ ಕೀವು ಎಲುಬಿಗಿ ಹೋಗ್ತದ. ಕಾಲು ತಗೀಬೇಕಾಗ್ತದ ಅಂದಾರ.”

“ನಿನ್ನ ದವಾಖಾನಿ ಮಾತು ಸಾಕು. ಇದು ನಮ್ಮವ್ವ ನಾನು ಆಡೂ ಮಾತು. ಸರಿ ಅತ್ತಾಗ.”

ಅವಳು ಸರಿಯಲಿಲ್ಲ. ಅವನು ಏಳಲು ಗೋಡೆಗೆ ಕೈ ಊರಿದ. ಮಗು ಇಬ್ಬರನ್ನೂ ನೋಡಿ ಅಳಲು ಬಾಯಿ ತೆರೆಯಿತು. ಸಳಿ ಎಲ್ಲಿದೆ ಎಂದು ಅವನಿಗೂ ಗೊತ್ತು. ಶಿವಕುಮಾರಿ ಎಷ್ಟು ಹೊತ್ತು ಅಡ್ಡ ನಿಂತಾಳು? ಬೆಳಗಾದರೆ ಕೆಲಸಕ್ಕೆ ಹೋಗಬೇಕು. ಹೋದ ಮೇಲೆ ಮನೆಯಲ್ಲಿ ತಾಯಿ ಮಗ ಇಬ್ಬರೇ.

ಆಗ ಲಕ್ಷ್ಮವ್ವ ಹೇಳಿದಳು: “ಕೊಯ್ದ ತೊಗಲಿಗಿ ಬರಿ ಹತ್ತಂಗಿಲ್ಲ.”

“ಅಂದ್ರ?”

“ಅಂದ್ರ ಹತ್ತಂಗಿಲ್ಲ. ನಮ್ಮವ್ವ ಹೇಳ್ತಿದ್ಲು. ಕತ್ತಿ ಬಿದ್ದಲ್ಲಿ ಬೆಂಕಿ ಕೆಲಸಾ ಮಾಡಂಗಿಲ್ಲ. ಸುಮ್ಮ ಸುಟ್ಟಂಗಾಗ್ತದ. ಬಿಡು.”

ಶಿವಕುಮಾರಿ ಅತ್ತೆಯನ್ನು ನೋಡಿದಳು. ಹೋದ ವರ್ಷವೇ, ಕೆಳಗಿನ ಓಣಿಯ ಶರಣವ್ವನಿಗೆ ಮಕ್ಕಳಾಗದ ಆಪರೇಷನ್ ಆದ ಮೇಲೆ ಹೊಟ್ಟೆ ನೋಯುತ್ತದೆ ಎಂದಾಗ, ಹೊಲಿಗೆಯ ಗುರುತಿನ ಮೇಲೆಯೇ ಇದೇ ಲಕ್ಷ್ಮವ್ವ ಬರೆ ಹಾಕಿದ್ದಳು. ಸೀರೆ ಸರಿಸಿ ಹಿಡಿದವಳು ಶಿವಕುಮಾರಿ. ಕತ್ತಿ ಬಿದ್ದಲ್ಲಿ ಬೆಂಕಿ ಕೆಲಸ ಮಾಡುವುದಿಲ್ಲ ಎಂಬ ಮಾತು ಅವತ್ತು ಯಾರ ಬಾಯಲ್ಲೂ ಇರಲಿಲ್ಲ. ಇವತ್ತು ಹುಟ್ಟಿದ ಮಾತು ಅದು.

ಈಶ್ವರ ತಾಯಿಯ ಮುಖ ನೋಡಿದ. ಅವಳು ಸುಳ್ಳು ಹೇಳಿದ್ದನ್ನು ಅವನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಮೊಣಕಾಲ ಮೇಲಿನ ಉದ್ದನೆಯ ಹೊಲಿಗೆ ಗುರುತಿನ ಮೇಲೆ ಬೆರಳಾಡಿಸಿದ. ಆಮೇಲೆ ಪ್ಯಾಂಟ್ ಕೆಳಗೆ ಎಳೆದುಕೊಂಡು ಹೆಂಡತಿಯ ಕಡೆ ತಿರುಗಿದ.

“ಕೇಳ್ದೆ? ಇದ್ದದ್ದೊಂದು ದಾರಿನೂ ಮುಚ್ಚಿದಿ. ಒಯ್ಯಬ್ಯಾಡ ಅಂದ್ರೂ ಹಟ ಮಾಡಿ ಒಯ್ದು ಕೊಯ್ಸಿದಿ.”

ಶರಣವ್ವನ ಹೆಸರು ಶಿವಕುಮಾರಿಯ ನಾಲಿಗೆಯ ತುದಿಗೆ ಬಂತು. ಒಂದು ಮಾತು ಸಾಕಿತ್ತು. ಲಕ್ಷ್ಮವ್ವನ ಕೈ ಹೊಸ ಎಸಳಿಗೆ ಹೋಗಿರಲಿಲ್ಲ. ಬಿಡಿಸಿ ಬೆಳ್ಳಗಾಗಿದ್ದ ಒಂದು ಎಸಳನ್ನು ಅವಳ ಉಗುರು ಇನ್ನೂ ಬಿಡಿಸುವ ಹಾಗೆ ಕೆರೆಯುತ್ತಿತ್ತು. ಆ ಒಂದು ಮಾತು ಹೊರಗೆ ಬಂದರೆ ತನ್ನ ಮೇಲಿನ ಹೊರೆ ಇಳಿಯುತ್ತದೆ, ಸಳಿ ಒಲೆ ಮೇಲೆ ಏರುತ್ತದೆ.

“ಹೌದ್ರಿ,” ಎಂದಳು ಶಿವಕುಮಾರಿ. “ನಾನೇ ಒಯ್ದೀನಿ.”

ಈಶ್ವರ ಕಾಲೆಳೆಯುತ್ತ ಏಣಿಯ ಬಾಯಿಗೆ ಹೋಗಿ ಹೊರಗೆ ಕಾಲು ಇಳಿಬಿಟ್ಟು ಕುಂತ. ಅವನ ಬೆನ್ನು ಮಾತ್ರ ಕಾಣುತ್ತಿತ್ತು. ಒಳಗೆ ಅತ್ತೆ ಸೊಸೆ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಲಕ್ಷ್ಮವ್ವ ಬಿಡಿಸಿದ್ದಷ್ಟನ್ನು ಮುಷ್ಟಿಯಲ್ಲಿ ತೆಗೆದುಕೊಂಡು ಚಾಚಿದಳು.

“ತಗೋ, ಬ್ಯಾಳಿಗಿ ಹಾಕು.”

ಶಿವಕುಮಾರಿ ಬೊಗಸೆ ಒಡ್ಡಿದಳು.